ತೀರ್ಮಾನಿಸುವ ತಂದೆ, ತಿಳಿದಿರುವ ತಂದೆ

(ಸಂಘದ ವಾರ್ಷಿಕ ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ಮಕ್ಕಳ ಬದುಕಿನಲ್ಲಿ ತಂದೆಯ ಪಾತ್ರ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದ್ದಾರೆ. ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುವ ಒಬ್ಬಳು ಸಾಮಾನ್ಯ ಶಿಕ್ಷಕಿ ನಾನು. ದೊಡ್ಡ ಭಾಷಣಕಾರಳಲ್ಲ. ಈ ವಿಷಯ ಬಂದಾಗಲೆಲ್ಲ ವೇದಿಕೆಯ ಮೇಲಿರುವವರು ತಂದೆಯರನ್ನು ತರಾಟೆಗೆ ತೆಗೆದುಕೊಳ್ಳುವುದು ವಾಡಿಕೆ. ಅವರಿಗೆ ಜವಾಬ್ದಾರಿ ಇಲ್ಲ, ಮಕ್ಕಳ ಕಡೆ ಗಮನವಿಲ್ಲ, ಹೋಟೆಲಿನಲ್ಲಿ ಕೂತು ಚಹಾ ಕುಡಿಯಲು ಹೊತ್ತಿದೆ, ಮಗನ ಪುಸ್ತಕ ನೋಡಲು ಹೊತ್ತಿಲ್ಲ, ಹೀಗೆಲ್ಲ ಹೇಳುತ್ತಾರೆ. ಕೇಳಿದ ತಂದೆ ತಲೆ ತಗ್ಗಿಸಿ ಮನೆಗೆ ಹೋಗುತ್ತಾರೆ, ಮುಂದಿನ ವರ್ಷ ಸಮಾವೇಶಕ್ಕೇ ಬರುವುದಿಲ್ಲ. ಆದ್ದರಿಂದ ನಾನು ಯಾರನ್ನೂ ಬೈಯಲು ಬಂದಿಲ್ಲ. ತಂದೆಯರು ಮಕ್ಕಳ ಹತ್ತಿರ ಬರಬೇಕಾದರೆ ಶಾಲೆ, ಮನೆ, ಸಂಘ ಎಲ್ಲರೂ ಸೇರಿ ಅವರಿಗೆ ಯಾವ ದಾರಿ ಮಾಡಿಕೊಡಬಹುದು ಎಂಬುದನ್ನಷ್ಟೇ ಹೇಳುತ್ತೇನೆ.

ತಿಳಿದವರು ಒಬ್ಬರು, ತೀರ್ಮಾನಿಸುವವರು ಮತ್ತೊಬ್ಬರು

ಶಾಲೆಯ ಪೋಷಕರ ಸಭೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಸಾಲು ಬೆಂಚುಗಳಲ್ಲಿ ತಾಯಂದಿರೇ ತುಂಬಿರುತ್ತಾರೆ. ಕೆಲವರ ಕಂಕುಳಲ್ಲಿ ಕೂಸು. ಹಿಂದಿನ ಬಾಗಿಲ ಹತ್ತಿರ ಒಬ್ಬರೋ ಇಬ್ಬರೋ ತಂದೆಯರು, ಅವರೂ ಗಡಿಯಾರ ನೋಡುತ್ತ ನಿಂತಿರುತ್ತಾರೆ. ಉಳಿದ ತಂದೆಯರು ಎಲ್ಲಿ? ನಮ್ಮ ರಾಮನಗರದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ಒಬ್ಬರು ಗೂಡಿನ ಮಾರುಕಟ್ಟೆಯಲ್ಲಿ ಲಾಟು ಹಿಡಿಯುತ್ತಿರುತ್ತಾರೆ. ಇನ್ನೊಬ್ಬರು ರೀಲಿಂಗ್ ಮನೆಯಲ್ಲಿ ಬಿಸಿನೀರಿನ ಮುಂದೆ ಕೂತಿರುತ್ತಾರೆ. ಮತ್ತೊಬ್ಬರು ಗ್ಯಾರೇಜಿನಲ್ಲಿ ಲಾರಿಯ ಕೆಳಗೆ ಮಲಗಿರುತ್ತಾರೆ, ಮಗದೊಬ್ಬರು ಹಣ್ಣಿನ ಗಾಡಿ ತಳ್ಳುತ್ತಿರುತ್ತಾರೆ. ದಿನಗೂಲಿಯವನು ಅರ್ಧ ದಿನ ಬಿಟ್ಟು ಬಂದರೆ ಆ ದಿನದ ಸಂಪಾದನೆಯಲ್ಲಿ ಅರ್ಧ ಹೋಯಿತು. ಹೀಗಾಗಿ ಶಾಲೆಯಿಂದ ಬಂದ ಚೀಟಿ ತಾಯಿಯ ಕೈಗೆ ಹೋಗುತ್ತದೆ, ತಾಯಿಯೇ ಬರುತ್ತಾರೆ.

ತಾಯಿ ಬರುವುದು ಸಂತೋಷದ ಸಂಗತಿಯೇ. ಮಗು ಯಾವ ಪಾಠದಲ್ಲಿ ಹಿಂದೆ, ಯಾವುದರಲ್ಲಿ ಮುಂದೆ, ಯಾರ ಜೊತೆ ಸೇರುತ್ತದೆ, ಏನು ಓದಬೇಕೆಂಬ ಆಸೆ ಇದೆ ಎಂಬುದೆಲ್ಲ ಅವರಿಗೆ ಗೊತ್ತಾಗುತ್ತದೆ. ಆದರೆ ಮುಂದೆ ಆಗುವುದೇನು? ಎಸ್ಸೆಸ್ಸೆಲ್ಸಿ ಮುಗಿಯುತ್ತದೆ. ಪಿಯುಸಿಗೆ ಕಳಿಸಬೇಕೆ, ಬೇಡವೆ? ವಿಜ್ಞಾನವೋ ವಾಣಿಜ್ಯವೋ? ಐಟಿಐಗೋ ಅಂಗಡಿಗೋ? ಮಗಳಾದರೆ ಓದೋ ಮದುವೆಯೋ? ತಾಯಿಯನ್ನು ಕೇಳಿ ನೋಡಿ. "ನನ್ನದೇನಿದೆ ಟೀಚರ್, ಅವರನ್ನೇ ಕೇಳಬೇಕು" ಎನ್ನುತ್ತಾರೆ.

ನಮ್ಮ ಬಹಳಷ್ಟು ಮನೆಗಳ ಕಥೆ ಇಷ್ಟೇ. ಮಗುವನ್ನು ತಿಳಿದವರು ತೀರ್ಮಾನಿಸುವುದಿಲ್ಲ. ತೀರ್ಮಾನಿಸುವವರು ಮಗುವನ್ನು ತಿಳಿದಿರುವುದಿಲ್ಲ. ಈ ಎರಡು ದಡಗಳ ನಡುವೆ ನಮ್ಮ ಎಷ್ಟೋ ಮಕ್ಕಳ ಓದು ಕೊಚ್ಚಿಕೊಂಡು ಹೋಗಿದೆ.

ಒಂದು ಉದಾಹರಣೆ ಕೊಡುತ್ತೇನೆ. ಹೆಸರು ಬೇಡ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶಾಲೆಗೆ ಬರುವುದನ್ನು ನಿಲ್ಲಿಸಿದ. ವಿಚಾರಿಸಲು ಹೋದಾಗ ತಂದೆ ಹೇಳಿದರು: "ಓದು ಅವನ ತಲೆಗೆ ಹತ್ತುವುದಿಲ್ಲ ಟೀಚರ್. ಕೆಲಸವನ್ನಾದರೂ ಕಲಿಯಲಿ." ಆ ಹುಡುಗ ತರಗತಿಯಲ್ಲಿ ಗಣಿತಕ್ಕೆ ಎಲ್ಲರಿಗಿಂತ ಮುಂದಿದ್ದವನು. ಕನ್ನಡ ಕಾಗುಣಿತದಲ್ಲಿ ಮಾತ್ರ ಎಡವುತ್ತಿದ್ದ. ಅಂಕಪಟ್ಟಿಯನ್ನು ಮುಂದಿಟ್ಟಾಗ ಆ ತಂದೆ ಬಹಳ ಹೊತ್ತು ಅದನ್ನೇ ನೋಡಿದರು. "ಇದನ್ನು ನನಗೆ ಯಾರೂ ಹೇಳಲೇ ಇಲ್ಲವಲ್ಲ" ಎಂದರು. ಮರುವಾರ ಹುಡುಗ ಶಾಲೆಗೆ ಬಂದ. ಆ ತಂದೆ ಕೆಟ್ಟವರಲ್ಲ, ಮಗನ ಶತ್ರುವೂ ಅಲ್ಲ. ತಿಳಿಯದೆ ತೀರ್ಮಾನಿಸಿದ್ದರು, ತಿಳಿದ ಮೇಲೆ ತೀರ್ಮಾನ ಬದಲಿಸಿದರು.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಬಂದ ಹುಡುಗಿಯೊಬ್ಬಳ ತಂದೆಗೆ ಆಕೆ ಪಾಸಾದ ವಿಷಯ ಗೊತ್ತಿತ್ತೇ ಹೊರತು ಆಕೆ ಮುಂದೆ ಓದಬೇಕೆಂದು ಹಂಬಲಿಸುತ್ತಿದ್ದಾಳೆ ಎಂಬುದು ಗೊತ್ತಿರಲಿಲ್ಲ. ಮಗಳು ಬಾಯಿ ಬಿಟ್ಟು ಹೇಳಲಿಲ್ಲ, ತಂದೆ ಕೇಳಲಿಲ್ಲ. ಕಾಲೇಜಿನ ದಾಖಲಾತಿಯ ಕೊನೆಯ ದಿನ ಕಳೆದುಹೋಯಿತು.

2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿ ವರದಿ ಸಲ್ಲಿಸಿದಾಗ ಅದರಲ್ಲಿದ್ದ ಒಂದು ಅಂಶ ನಮ್ಮೆಲ್ಲರ ನಿದ್ದೆ ಕೆಡಿಸಿತ್ತು. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಿಯೇ ಇರಲಿಲ್ಲ, ಇಲ್ಲವೆ ನಡುವೆಯೇ ಬಿಟ್ಟಿದ್ದರು. ಅನಂತರ 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದೇ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕಾಯಿತು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೂ ತಿದ್ದುಪಡಿಯಾಯಿತು. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಮನೆಯ ಕಸುಬಿನಲ್ಲಿ ಕೈಜೋಡಿಸುವುದಿದ್ದರೂ ಶಾಲೆಯ ಹೊತ್ತಿನ ಹೊರಗೆ, ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ. ಸರಿ, 14ರವರೆಗೆ ಕಾನೂನು ಮಗುವಿನ ಕೈ ಹಿಡಿಯಿತು. ಆಮೇಲೆ? ಹದಿನೈದು ಹದಿನಾರರ ವಯಸ್ಸಿನಲ್ಲಿ, ಬದುಕಿನ ದಾರಿ ಕವಲೊಡೆಯುವ ಹೊತ್ತಿಗೆ, ತಂದೆಯ ಮಾತೇ ಕಾನೂನು. ಆ ಮಾತು ಮಗುವನ್ನು ಬಲ್ಲ ಮಾತಾಗಿರಲಿ ಎಂಬುದೇ ನನ್ನ ಇಂದಿನ ಭಾಷಣದ ಸಾರ.

ತಂದೆಗೆ ಕರುಳಿಲ್ಲವೆ?

ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸರ ಸ್ವಭಾವ, ಗಂಡಸರಿಗೆ ಅದು ಬರುವುದಿಲ್ಲ ಎಂದು ಹೇಳುವವರಿದ್ದಾರೆ. ಇದು ನಿಜವೇ? ಫಿಲಿಪ್ಪೀನ್ಸ್ ದೇಶದ ಸೆಬು ಎಂಬಲ್ಲಿ 624 ಯುವಕರನ್ನು ಕೆಲವು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ತಂದೆಯಾದವರ ದೇಹದಲ್ಲಿ ಟೆಸ್ಟೋಸ್ಟೀರಾನ್ ಎಂಬ ಹಾರ್ಮೋನಿನ ಮಟ್ಟ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಗುವಿನ ಆರೈಕೆ ಮಾಡುತ್ತಿದ್ದ ತಂದೆಯರಲ್ಲಿ ಅದು ಇನ್ನೂ ಕಡಿಮೆ ಇತ್ತು. ಅಂದರೆ ಮಗುವನ್ನು ಎತ್ತಿ ಆಡಿಸುವ ಗಂಡಸಿನ ದೇಹವೂ ಆ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಬೇಟೆಯಾಡಿ ಬದುಕುವ ಅಕಾ ಎಂಬ ಜನರಿದ್ದಾರೆ. ಅವರ ನಡುವೆ ಇದ್ದು ಅಧ್ಯಯನ ಮಾಡಿದ ಬ್ಯಾರಿ ಹ್ಯೂಲೆಟ್ ಅವರು ಕಂಡಂತೆ ಅಲ್ಲಿನ ತಂದೆಯರು ದಿನದ ಸುಮಾರು ಅರ್ಧ ಹೊತ್ತು ಕೂಸಿಗೆ ಕೈಯಳತೆಯ ದೂರದಲ್ಲೇ ಇರುತ್ತಾರೆ. ಬೇಟೆಗಾರನಿಗೆ ಸಾಧ್ಯವಾದದ್ದು ನಮಗೆ ಸಾಧ್ಯವಾಗದೇ?

ಹಾಗಾದರೆ ಅಡ್ಡಿ ಇರುವುದು ಎಲ್ಲಿ? ಏರ್ಪಾಡಿನಲ್ಲಿ. ನಾರ್ವೆ ದೇಶದ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಮಗು ಹುಟ್ಟಿದಾಗ ತಂದೆ ತಾಯಿ ಹಂಚಿಕೊಳ್ಳಬಹುದಾದ ರಜೆ ಮೊದಲಿನಿಂದಲೂ ಇತ್ತು. ಆದರೂ ಅದನ್ನು ಪಡೆದ ತಂದೆಯರು ಬೆರಳೆಣಿಕೆಯಷ್ಟು. 1993ರಲ್ಲಿ ನಾಲ್ಕು ವಾರವನ್ನು ತಂದೆಗೆಂದೇ ಮೀಸಲಿಟ್ಟರು. ತಂದೆ ತೆಗೆದುಕೊಳ್ಳದಿದ್ದರೆ ಆ ರಜೆ ಕಳೆದುಹೋಗುತ್ತದೆ, ತಾಯಿಗೂ ಸಿಗುವುದಿಲ್ಲ. ಕೆಲವೇ ವರ್ಷಗಳಲ್ಲಿ ಬಹುಪಾಲು ತಂದೆಯರು ರಜೆ ಪಡೆದು ಕೂಸಿನ ಬಳಿ ಕೂತರು. ಅಲ್ಲಿನ ಗಂಡಸರ ಹೃದಯ ರಾತ್ರೋರಾತ್ರಿ ಬದಲಾಯಿತೇ? ಇಲ್ಲ. "ಇದು ನಿನ್ನ ಪಾಲು" ಎಂದು ಹೆಸರು ಬರೆದು ಕೊಟ್ಟರು, ಅಷ್ಟೆ.

ನಮ್ಮ ದೇಶದಲ್ಲಿ 2017ರ ತಿದ್ದುಪಡಿಯಿಂದ ತಾಯಂದಿರ ಹೆರಿಗೆ ರಜೆ 26 ವಾರಗಳಿಗೆ ಏರಿತು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ ಮೊದಲ ಎರಡು ಮಕ್ಕಳ ಮಟ್ಟಿಗೆ 15 ದಿನಗಳ ರಜೆ ಇದೆ. ಆದರೆ ಖಾಸಗಿ ಕೆಲಸದವರಿಗೆ, ದಿನಗೂಲಿಯವರಿಗೆ, ಸ್ವಂತ ಕಸುಬಿನವರಿಗೆ ಅಂಥ ಕಾನೂನು ಇಲ್ಲ. ನಮ್ಮ ಮೊಹಲ್ಲಾದ ತಂದೆಯರು ಬಹುತೇಕ ಈ ಸಾಲಿನವರೇ. ಸರ್ಕಾರ ಮಾಡುವ ಕೆಲಸ ಸರ್ಕಾರ ಮಾಡಲಿ, ನಾವು ಮಾಡಬಹುದಾದ ಏರ್ಪಾಡನ್ನು ನಾವು ಮಾಡೋಣ.

ಇನ್ನು ನಮ್ಮ ದೀನಿನ ಕಡೆ ನೋಡಿದರೆ, ತಂದೆತನವನ್ನು ಬರೀ ಸಂಪಾದನೆಯ ಲೆಕ್ಕದಲ್ಲಿ ಇಟ್ಟದ್ದು ಎಲ್ಲೂ ಕಾಣುವುದಿಲ್ಲ. ಕುರ್‌ಆನಿನ ಒಂದು ಸೂರಾ ಹಜರತ್ ಲುಕ್ಮಾನರ ಹೆಸರಿನಲ್ಲೇ ಇದೆ. ಅಲ್ಲಿ ಅವರು ಮಗನನ್ನು ಅಕ್ಕರೆಯಿಂದ ಕರೆದು, ಎದುರಿಗೆ ಕೂರಿಸಿಕೊಂಡವರಂತೆ ಒಂದೊಂದೇ ಮಾತು ತಿಳಿಹೇಳುತ್ತಾರೆ. ಪ್ರವಾದಿಯವರು (ಸ) ತಮ್ಮ ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಜ್ ಮಾಡಿದರೆಂದು ಹದೀಸ್ ಗ್ರಂಥಗಳಲ್ಲಿದೆ. ತನಗೆ ಹತ್ತು ಮಕ್ಕಳಿದ್ದರೂ ಒಬ್ಬರನ್ನೂ ಮುತ್ತಿಟ್ಟವನಲ್ಲ ಎಂದು ಹೇಳಿಕೊಂಡ ಸರದಾರನೊಬ್ಬನನ್ನು ಅವರು ಮೆಚ್ಚಲಿಲ್ಲ, ಕರುಣೆ ತೋರದವನಿಗೆ ಕರುಣೆ ಸಿಗದು ಎಂದು ತಿದ್ದಿದರು. ಮಗುವನ್ನು ಎತ್ತಿಕೊಂಡರೆ ಗಂಡಸಿನ ಗೌರವ ಕಡಿಮೆಯಾಗುತ್ತದೆ ಎನ್ನುವವರು ಈ ಸಂಗತಿಗಳನ್ನು ನೆನೆಯಬೇಕು.

ಮೂರು ಮಾತುಗಳಲ್ಲಿ ತಂದೆತನ

ಬಿ.ಎಡ್. ಓದುವಾಗ ಶಿಕ್ಷಣ ಮನೋವಿಜ್ಞಾನದಲ್ಲಿ ತಾಯಿ ಮತ್ತು ಮಗುವಿನ ಬಾಂಧವ್ಯದ ಬಗ್ಗೆ ಪುಟಗಟ್ಟಲೆ ಓದಿದ್ದೇವೆ. ತಂದೆಯ ಬಗ್ಗೆ ಗಂಭೀರ ಅಧ್ಯಯನ ಶುರುವಾದದ್ದೇ ತಡವಾಗಿ. ಮೈಕೇಲ್ ಲ್ಯಾಂಬ್ ಎಂಬ ಮನೋವಿಜ್ಞಾನಿ 1976ರಲ್ಲಿ ಮಗುವಿನ ಬೆಳವಣಿಗೆಯಲ್ಲಿ ತಂದೆಯ ಪಾತ್ರದ ಕುರಿತೇ ಒಂದು ಗ್ರಂಥ ಸಂಪಾದಿಸಿದರು. 1980ರ ದಶಕದಲ್ಲಿ ಅವರೂ ಅವರ ಸಂಗಡಿಗರೂ ತಂದೆಯ ಕೆಲಸವನ್ನು ಮೂರು ಭಾಗವಾಗಿ ವಿಂಗಡಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಒಡನಾಟ, ಕೈಗೆ ಸಿಗುವುದು, ಹೊಣೆ.

ಒಡನಾಟವೆಂದರೆ ಮಗುವಿನ ಜೊತೆ ನೇರವಾಗಿ ಮಾಡುವ ಕೆಲಸ. ಆಡುವುದು, ಓದಿಸುವುದು, ಊಟ ಮಾಡಿಸುವುದು, ಮಾತನಾಡುವುದು. ಕೈಗೆ ಸಿಗುವುದೆಂದರೆ ಮಗು ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವುದು. ಹೊಣೆ ಎಂದರೆ ನೆನಪಿಟ್ಟುಕೊಳ್ಳುವ ಕೆಲಸ. ಮಗುವಿಗೆ ಲಸಿಕೆ ಯಾವತ್ತು, ಪರೀಕ್ಷೆ ಯಾವತ್ತು, ಚಪ್ಪಲಿ ಸವೆದಿದೆಯೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಅರ್ಜಿ ಯಾವಾಗ, ಇವನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು. ನಮ್ಮ ಮನೆಗಳಲ್ಲಿ ಈ ಮೂರನೆಯದು ಪೂರ್ತಿಯಾಗಿ ತಾಯಿಯ ತಲೆಯ ಮೇಲಿದೆ. ತಂದೆ ದುಡ್ಡು ಕೊಡುತ್ತಾರೆ, ಆದರೆ ಯಾತಕ್ಕೆ ಎಂಬುದು ಗೊತ್ತಿರುವುದಿಲ್ಲ.

ತಂದೆಯರೇ, ಮೂರನ್ನೂ ಒಟ್ಟಿಗೆ ಹೊರಲು ನಿಮಗೆ ಹೊತ್ತಿಲ್ಲ, ಒಪ್ಪುತ್ತೇನೆ. ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ, ಅದು ಪೂರ್ತಿ ನಿಮ್ಮದಾಗಿರಲಿ. ದಿನಾ ರಾತ್ರಿ ಮಗುವಿನ ಚೀಲ ಜೋಡಿಸುವುದಾಗಲಿ, ವಾರಕ್ಕೊಮ್ಮೆ ಎಲ್ಲ ಪುಸ್ತಕ ತಿರುವಿಹಾಕುವುದಾಗಲಿ, ಬೆಳಿಗ್ಗೆ ಶಾಲೆಗೆ ಬಿಡುವುದಾಗಲಿ. ಹೆಂಡತಿ ನೆನಪಿಸದೆ ನೀವೇ ಮಾಡುವ ಒಂದು ಕೆಲಸ. ಆ ಒಂದರ ಮೂಲಕ ಮಗು ನಿಮಗೆ ಪರಿಚಯವಾಗುತ್ತದೆ. ಪರಿಚಯವಾದ ಮೇಲೆ ಉಳಿದದ್ದು ತಾನೇ ಬರುತ್ತದೆ.

ಓದು ಬಾರದ ತಂದೆಯೂ ಗುರುವೇ

"ನನಗೇ ಓದಲು ಬರುವುದಿಲ್ಲ, ಮಗನಿಗೆ ಏನು ಹೇಳಿಕೊಡಲಿ?" ಎಂದು ಸಂಕೋಚಪಡುವವರು ಬಹಳ. ಅನೇಕ ತಂದೆಯರು ಶಾಲೆಯ ಗೇಟಿನ ಹೊರಗೇ ನಿಲ್ಲುವುದಕ್ಕೆ ಕಾರಣ ಈ ಸಂಕೋಚ. ಅವರಿಗೆ ನಾನು ಒಂದು ಮಾತು ಕೇಳುತ್ತೇನೆ. ರೆಂಡಿಟ್ಟಾ ಎಂದರೆ ಏನು?

ಈ ಊರಿನ ಯಾವ ರೀಲರನ್ನು ಕೇಳಿದರೂ ತಟ್ಟನೆ ಹೇಳುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಎಂಬುದೇ ರೆಂಡಿಟ್ಟಾ. ಅದು 7 ಇದ್ದರೆ 35 ಕಿಲೋ ಗೂಡಿನಿಂದ 5 ಕಿಲೋ ನೂಲು ಬರುತ್ತದೆ. 8ಕ್ಕೆ ಏರಿದರೆ ಅದೇ ಗೂಡಿನಿಂದ ನಾಲ್ಕೂವರೆ ಕಿಲೋ ಕೂಡ ಬರುವುದಿಲ್ಲ. ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಡಿದು, ಅದುಮಿ, ಅಲುಗಿಸಿ ನೋಡಿ, ಇದಕ್ಕೆ ಇಷ್ಟೇ ಬೆಲೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವ ತಂದೆಗೆ ಗಣಿತ ಬರುವುದಿಲ್ಲವೇ? ಅವರ ಮಗ ಏಳನೆಯ ತರಗತಿಯಲ್ಲಿ ಅನುಪಾತದ ಲೆಕ್ಕ ಬಿಡಿಸಲಾಗದೆ ಪೆನ್ಸಿಲ್ ಕಚ್ಚುತ್ತ ಕೂತಿರುತ್ತಾನೆ. ತಂದೆ ದಿನಾ ಮಾಡುವ ಲೆಕ್ಕವೂ ಪುಸ್ತಕದ ಲೆಕ್ಕವೂ ಒಂದೇ ಎಂದು ಇಬ್ಬರಿಗೂ ಗೊತ್ತಿಲ್ಲ. ಗ್ಯಾರೇಜಿನ ತಂದೆಗೆ ಸನ್ನೆಕೋಲು, ಘರ್ಷಣೆ, ಒತ್ತಡ ಎಲ್ಲವೂ ಕೈಗತ. ಬಟ್ಟೆ ಹೊಲಿಯುವ ತಂದೆಗೆ ಅಳತೆ, ಕೋನ, ವೃತ್ತ ಎಲ್ಲವೂ ಕಣ್ಣಳತೆ.

ಆದ್ದರಿಂದ ಪಾಠ ಹೇಳಿಕೊಡುವುದು ಬೇಡ, ನಿಮ್ಮ ಕೆಲಸವನ್ನು ಮಗುವಿಗೆ ವಿವರಿಸಿ. ಮಗುವಿನ ಕೈಯಲ್ಲಿ ಕರೆಂಟ್ ಬಿಲ್ ಓದಿಸಿ, ಕೇಳಿ. ಪಾಠದಲ್ಲಿದ್ದ ಕಥೆಯನ್ನು ಬಾಯಿಯಲ್ಲಿ ಹೇಳಿಸಿ, ನಡುವೆ "ಆಮೇಲೆ?" ಎನ್ನಿ. ಆ "ಆಮೇಲೆ?" ಎಂಬ ಮಾತು ಹೇಳಲು ಯಾವ ಡಿಗ್ರಿಯೂ ಬೇಕಿಲ್ಲ.

ಒಂದನ್ನು ಮಾತ್ರ ಬಿಡಿ. ಅದು ಬೆತ್ತ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ. ಶಾಲೆಯಲ್ಲಿ ತಪ್ಪಾದದ್ದು ಮನೆಯಲ್ಲಿ ಸರಿ ಹೇಗಾದೀತು? ಅಂಕಪಟ್ಟಿ ತೋರಿಸಿದರೆ ಏಟು ಬೀಳುತ್ತದೆಂದು ಗೊತ್ತಾದ ಮಗು ಅಂಕಪಟ್ಟಿಯನ್ನು ಮುಚ್ಚಿಡುತ್ತದೆ. ಅಲ್ಲಿಗೆ ತಂದೆಗೆ ಮಗುವನ್ನು ತಿಳಿಯುವ ಇನ್ನೊಂದು ಬಾಗಿಲೂ ಮುಚ್ಚಿತು.

ದೂರದಲ್ಲಿರುವ ತಂದೆ

ಕೆಲವರು ಊರಿನಲ್ಲೇ ಇರುವುದಿಲ್ಲ. ಲಾರಿ ಓಡಿಸುವವರಿದ್ದಾರೆ. ಸೌದಿ, ದುಬೈಯಲ್ಲಿ ದುಡಿಯುವವರಿದ್ದಾರೆ. ಭಟ್ಕಳ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ತಂದೆಯನ್ನು ಫೋನಿನಲ್ಲಿ ಕಂಡದ್ದೇ ಹೆಚ್ಚು.

ನನ್ನ ಅಬ್ಬಾ ಲಾರಿ ಡ್ರೈವರ್ ಆಗಿದ್ದರು. ತಿಂಗಳಿಗೆ ಎರಡು ಬಾರಿ ಮನೆಗೆ ಬಂದರೆ ಹೆಚ್ಚು. ಕನ್ನಡ ಓದಲು ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಬಂದಾಗಲೆಲ್ಲ ತಾವು ಹಾದುಹೋದ ಊರುಗಳ ಹೆಸರನ್ನು ವರಸೆಯಾಗಿ ಹೇಳುತ್ತಿದ್ದರು: ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ. ನಾನು ನಕ್ಷೆಯಲ್ಲಿ ಒಂದೊಂದನ್ನೇ ಹುಡುಕಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಒಂದು ಊರು ತಪ್ಪಿದರೆ "ಲಾರಿ ಅಲ್ಲೇ ನಿಂತುಹೋಯಿತಲ್ಲಮ್ಮ" ಎನ್ನುತ್ತಿದ್ದರು. ಭೂಗೋಳವನ್ನು ನಾನು ಕಲಿತದ್ದು ಹಾಗೆ. ಹದಿನೈದು ದಿನಕ್ಕೊಮ್ಮೆ ಸಿಗುವ ತಂದೆಯೂ ಮಗುವಿನ ಓದಿನಲ್ಲಿ ಜಾಗ ಮಾಡಿಕೊಳ್ಳಬಹುದು ಎಂಬುದಕ್ಕೆ ಇಷ್ಟು ಹೇಳಿದೆ.

ವಿದೇಶದಲ್ಲಿರುವ ಸಹೋದರರಿಗೆ ನನ್ನದೊಂದು ಬಿನ್ನಹ. ನೀವು ಮಾಡುವ ಫೋನ್ ಪಂಚಾಯ್ತಿಯಾಗದಿರಲಿ. ವಾರವಿಡೀ ಮಗು ಮಾಡಿದ ತಪ್ಪುಗಳ ಪಟ್ಟಿಯನ್ನು ತಾಯಿ ಒಪ್ಪಿಸುವುದು, ನೀವು ದೂರದಿಂದ ಗದರುವುದು, ಇಷ್ಟೇ ಆದರೆ ಮಗು ಫೋನ್ ಕಂಡರೆ ಒಳಗೆ ಓಡುತ್ತದೆ. ವಾರಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ, ಆ ಹೊತ್ತು ಮಗುವಿಗೇ ಮೀಸಲು. ಅಂಕ ಎಷ್ಟು ಎಂದು ಕೇಳುವ ಮೊದಲು ಗೆಳೆಯರು ಯಾರು ಎಂದು ಕೇಳಿ.

ತಂದೆಯನ್ನು ಕಳೆದುಕೊಂಡ ಮಕ್ಕಳೂ ಈ ಸಭೆಯಲ್ಲಿದ್ದಾರೆ. ಅವರ ಮನಸ್ಸು ನೋಯದಂತೆ ಮಾತನಾಡುವುದು ನನ್ನ ಕರ್ತವ್ಯ. ಪ್ರವಾದಿಯವರು (ಸ) ಹುಟ್ಟುವ ಮೊದಲೇ ಅವರ ತಂದೆ ತೀರಿಕೊಂಡಿದ್ದರು. ಅಜ್ಜ ಅಬ್ದುಲ್ ಮುತ್ತಲಿಬ್, ಅವರ ನಂತರ ತಂದೆಯ ಸಹೋದರ ಅಬೂ ತಾಲಿಬ್ ಅವರನ್ನು ಸಾಕಿದರು. ಮಾಮೂ, ಚಾಚಾ, ನಾನಾ, ದಾದಾ ಆಗಿರುವ ಎಲ್ಲರೂ ಕೇಳಿಸಿಕೊಳ್ಳಿ. ನಿಮ್ಮ ಮನೆತನದಲ್ಲಿ ತಂದೆಯಿಲ್ಲದ ಮಗುವಿದ್ದರೆ ಪೋಷಕರ ಸಭೆಯ ಆ ಜಾಗ ನಿಮ್ಮದು.

ಹೆಣ್ಣುಮಕ್ಕಳ ತಂದೆಯರಿಗೆ

ಮಗಳು ಚಿಕ್ಕವಳಿರುವಾಗ ಹೆಗಲ ಮೇಲೆ ಹೊತ್ತು ತಿರುಗುವ ತಂದೆ ಆಕೆ ಹನ್ನೆರಡು ಹದಿಮೂರು ದಾಟುತ್ತಿದ್ದಂತೆ ದೂರ ಸರಿಯುತ್ತಾರೆ. ಮರ್ಯಾದೆ, ಸಂಕೋಚ ಎಂದು ಮಾತು ಕಡಿಮೆಯಾಗುತ್ತದೆ. ಏನು ಬೇಕಿದ್ದರೂ ತಾಯಿಯ ಮೂಲಕ. ಆದರೆ ಅವಳ ಬದುಕಿನ ದೊಡ್ಡ ತೀರ್ಮಾನಗಳು ಬರುವುದೇ ಆ ಬಳಿಕ. ಮಾತು ನಿಂತುಹೋದ ಹೊತ್ತಿನಲ್ಲೇ ತೀರ್ಮಾನ ಬಂದು ನಿಲ್ಲುತ್ತದೆ.

ಕಾಲೇಜಿಗೆ ಕಳಿಸಲು ತಂದೆಗೆ ಭಯವಿರುವುದು ಸಹಜ. ಬಸ್ಸು ಹೇಗೋ, ಜನ ಹೇಗೋ, ಸಂಜೆ ತಡವಾದರೇನೋ. ಆ ಭಯಕ್ಕೆ ಮದ್ದು ಬೇಡ ಎನ್ನುವುದಲ್ಲ, ಹೋಗಿ ನೋಡುವುದು. ಮಗಳನ್ನು ಕರೆದುಕೊಂಡು ನೀವೇ ಒಂದು ದಿನ ಆ ಕಾಲೇಜಿಗೆ ಹೋಗಿ. ಬಸ್ಸಿನ ವೇಳೆ ನೋಡಿ, ಪ್ರಾಂಶುಪಾಲರ ಜೊತೆ ಮಾತಾಡಿ, ಶೌಚಾಲಯ ಇದೆಯೇ ಎಂದು ವಿಚಾರಿಸಿ. ಹಿಂತಿರುಗುವಾಗ ಬಸ್ಸಿನಲ್ಲಿ ಮಗಳನ್ನು ಕೇಳಿ: "ನಿನಗೆ ಏನು ಅನಿಸಿತು?" ಅದಾದ ಮೇಲೆ ನೀವು ಏನೇ ತೀರ್ಮಾನಿಸಿದರೂ ಅದು ತಿಳಿದು ಮಾಡಿದ ತೀರ್ಮಾನ. ನನ್ನ ಅನುಭವದಲ್ಲಿ ಹೀಗೆ ಹೋಗಿ ಬಂದ ತಂದೆಯರು ಬೇಡ ಎಂದದ್ದು ಅಪರೂಪ.

ಮನೆಯವರಿಗೆ, ವಿದ್ಯಾರ್ಥಿಗಳಿಗೆ

ತಾಯಂದಿರೇ, ನಿಮಗೂ ಒಂದು ಮಾತು. "ಅಬ್ಬಾ ಬರಲಿ, ಹೇಳ್ತೀನಿ ಇರು" ಎಂದು ಮಗುವನ್ನು ಹೆದರಿಸಬೇಡಿ. ಅಬ್ಬಾ ಪೊಲೀಸ್ ಅಲ್ಲ. ಅವರು ಮಗುವಿಗೆ ತಲೆ ಬಾಚಿದರೆ ಬೈತಲೆ ಓರೆಯಾಗಬಹುದು, ಅಂಗಿಯ ಗುಂಡಿ ಮೇಲೆ ಕೆಳಗಾಗಬಹುದು. ಕೈಯಿಂದ ಕಿತ್ತುಕೊಳ್ಳಬೇಡಿ, ನಗಬೇಡಿ. ಹೊಸ ಕೆಲಸ ಕಲಿಯುವವರಿಗೆ ನೀವು ಕೊಡುವ ತಾಳ್ಮೆಯನ್ನೇ ಅವರಿಗೂ ಕೊಡಿ.

ವಿದ್ಯಾರ್ಥಿಗಳೇ, ಅಂಕಪಟ್ಟಿಗೆ ಅಮ್ಮಿಯ ಸಹಿ ಹಾಕಿಸಿಕೊಂಡು ಜಾರಿಕೊಳ್ಳುವ ಉಪಾಯ ನಿಮಗೆಲ್ಲ ಗೊತ್ತು, ನಮಗೂ ಗೊತ್ತು. ಒಮ್ಮೆ ಅಬ್ಬಾ ಅವರ ಎದುರು ಕೂತು ನೀವೇ ತೋರಿಸಿ. ಅವರು ಕೆಲಸದಿಂದ ಬಂದು, ಮುಖ ತೊಳೆದು, ಊಟ ಮಾಡಿ ಕೂತ ಹೊತ್ತು ನೋಡಿ ಮಾತು ತೆಗೆಯಿರಿ. ಅವರ ಕೆಲಸದ ಬಗ್ಗೆ ಮೊದಲು ನೀವು ಕೇಳಿ. "ಇವತ್ತು ಗೂಡಿನ ರೇಟ್ ಎಷ್ಟಿತ್ತು ಅಬ್ಬಾ?" ಎಂದು ಕೇಳಿದ ಮಗನಿಗೆ "ನಿನ್ನ ಪಾಠ ಹೇಗಾಯಿತು?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಶಾಲೆ ಮತ್ತು ಸಂಘ ಮಾಡಬಹುದಾದದ್ದು

ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆ, ಪ್ರಗತಿಯನ್ನು ತಿಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ. ಪೋಷಕರು ಎಂದರೆ ಇಬ್ಬರೂ. ಅದೇ ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ, ನಾವು ಎಸ್‌ಡಿಎಂಸಿ ಎನ್ನುವ ಸಮಿತಿಯಲ್ಲಿ, ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿ ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಅಂದರೆ ತಂದೆಯರಿಗೆ ಅಲ್ಲಿ ಜಾಗ ಇದ್ದೇ ಇದೆ. ಅದು ಬರೀ ಸಹಿ ಹಾಕುವ ಜಾಗ ಆಗಬಾರದು.

ಸಂಘದ ಮುಂದೆ ಐದು ಸಲಹೆಗಳನ್ನು ಇಡುತ್ತೇನೆ. ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಒಂದು, ವರ್ಷಕ್ಕೆ ಎರಡು ಪೋಷಕರ ಸಭೆಯಾದರೂ ಭಾನುವಾರ ಅಥವಾ ಇಶಾ ನಮಾಜಿನ ನಂತರ ನಡೆಯಲಿ. ದುಡಿಯುವವರ ಹೊತ್ತಿಗೆ ಸಭೆ ಹೊಂದಿಕೊಳ್ಳಲಿ.

ಎರಡು, ಶಾಲೆಯಿಂದ ಹೋಗುವ ಫೋನ್ ಸಂದೇಶ ತಾಯಿಗೂ ತಂದೆಗೂ ಇಬ್ಬರಿಗೂ ಹೋಗಲಿ. ದಾಖಲಾತಿಯ ದಿನವೇ ಇಬ್ಬರ ನಂಬರನ್ನೂ ಬರೆದುಕೊಳ್ಳೋಣ.

ಮೂರು, ತಂದೆಗೆ ಹೋಗುವ ಮೊದಲ ಸುದ್ದಿ ಒಳ್ಳೆಯ ಸುದ್ದಿಯಾಗಿರಲಿ. ದೂರು ಬಂದಾಗ ಮಾತ್ರ ಶಾಲೆಯ ನೆನಪಾದರೆ ಯಾರಿಗೆ ತಾನೆ ಬರಲು ಮನಸ್ಸಾದೀತು?

ನಾಲ್ಕು, ತಿಂಗಳಿಗೊಬ್ಬ ತಂದೆ ತರಗತಿಗೆ ಬಂದು ತಮ್ಮ ಕಸುಬಿನ ಬಗ್ಗೆ ಅರ್ಧ ಗಂಟೆ ಮಾತಾಡಲಿ. ರೀಲರ್, ಮೆಕ್ಯಾನಿಕ್, ದರ್ಜಿ, ಡ್ರೈವರ್ ಯಾರಾದರೂ ಸರಿ. ಶಾಲೆಯ ಕರಿಹಲಗೆಯ ಮುಂದೆ ನಿಂತ ತಂದೆಯನ್ನು ಕಂಡ ಮಗುವಿನ ಎದೆ ಹೇಗೆ ಉಬ್ಬುತ್ತದೆ ನೋಡಿ.

ಐದು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲೇ, ಫಲಿತಾಂಶದ ನಂತರ ಅಲ್ಲ, ಪ್ರತಿ ವಿದ್ಯಾರ್ಥಿಯ ತಂದೆ ತಾಯಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮುಂದಿನ ದಾರಿಯ ಬಗ್ಗೆ ಮಾತಾಡೋಣ. ಆ ಮಾತಿನಲ್ಲಿ ಮಗುವೂ ಇರಲಿ. ಮಗು ಬಾಯಿ ಬಿಟ್ಟು ತನ್ನ ಆಸೆಯನ್ನು ತಂದೆಯ ಎದುರು ಒಮ್ಮೆ ಹೇಳಲಿ.

ಈ ಐದನೆಯದನ್ನು ಈ ವರ್ಷವೇ ಶುರು ಮಾಡಬೇಕೆಂದು ಅಧ್ಯಕ್ಷರಲ್ಲಿ ಕೈಮುಗಿದು ಕೇಳುತ್ತೇನೆ. ಏಕೆಂದರೆ ಹತ್ತನೆಯ ತರಗತಿಯ ಮಕ್ಕಳು ಕಾಯುವುದಿಲ್ಲ. ಜೂನ್ ಬರುತ್ತದೆ, ದಾಖಲಾತಿ ಮುಗಿಯುತ್ತದೆ, ಇನ್ನೊಂದು ವರ್ಷದ ಮಕ್ಕಳು ಕೈ ಜಾರುತ್ತಾರೆ.

ತಾಯಿಯೇ ಮೊದಲ ಗುರು ಎಂಬ ಮಾತು ಸತ್ಯ. ಆದರೆ ಆ ಮಾತನ್ನು ನಾವು ಎಷ್ಟು ಸಲ ಹೇಳಿದ್ದೇವೆಂದರೆ ತಂದೆಗೆ ಏನೂ ಉಳಿದೇ ಇಲ್ಲ ಎಂಬಂತಾಗಿದೆ. ತಂದೆಯರೇ, ಮನೆಯಲ್ಲಿ ನಿಮ್ಮ ಮಾತು ನಡೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಆ ಮಾತು ಆಡುವ ಮೊದಲು ಮಗುವಿನ ಪುಸ್ತಕವನ್ನು ಒಮ್ಮೆ ತೆರೆಯಿರಿ, ಮಗುವಿನ ಮುಖವನ್ನು ಒಮ್ಮೆ ನೋಡಿ. ನಿಮ್ಮ ತೀರ್ಮಾನಕ್ಕೆ ಆಗ ಬರುವ ತೂಕವೇ ಬೇರೆ.